ಅವರು ಅಂದರೆ ದೇ ಅಲ್ಲ

ಮಾರ್ಚ್ 3

ಅತ್ತೆಯವರಿಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು.

ಕಾಗದ ಕಂಡು ಗಾಬರಿಯಾಗಬೇಡಿ. ನಾನೂ ನಿಮ್ಮ ಮಗನೂ ಚೆನ್ನಾಗಿದ್ದೇವೆ. ಅವರು ಓಡಿಸುವ ಬಸ್ಸಿಗೆ ಹೊಸ ಸೀಟು ಹಾಕಿಸಿದ್ದಾರಂತೆ, ಬೆನ್ನುನೋವು ಕಮ್ಮಿಯಾಗಿದೆ. ಫೋನ್ ಮಾಡದೆ ಇದೇನು ಹಳೇ ಕಾಲದವರ ಹಾಗೆ ಕಾಗದ ಬರೆದಳು ಎಂದುಕೊಳ್ಳುತ್ತೀರಿ. ಕಳೆದ ಸಲ ಫೋನಿನಲ್ಲಿ ನಾನು "ಊಟ ಆಯ್ತಾ ಅತ್ತೆ?" ಎಂದರೆ ನೀವು "ಹೌದು, ಆ ಕಡೆ ಬಾಗಿಲು ಹಾಕಿದೆ" ಎಂದಿರಿ. ನಾನು ಕೇಳಬೇಕಾದದ್ದು ಒಂದೇ ಒಂದು ಅಕ್ಷರದ ವಿಷಯ. ಅದು ಫೋನಿನಲ್ಲಿ ದಾಟುವುದಿಲ್ಲ.

ಇಂಗ್ಲಿಷಿನಲ್ಲಿ ಹ್ಯಾವ್ ಎಲ್ಲಿ ಬರುತ್ತದೆ, ಹ್ಯಾಸ್ ಎಲ್ಲಿ ಬರುತ್ತದೆ? ನೀವು ಅಷ್ಟು ವರ್ಷ ಶಾಲೆಯಲ್ಲಿ ಅದನ್ನೇ ಕಲಿಸಿದವರು. ಮದುವೆಯಾದ ಹೊಸದರಲ್ಲಿ ನಾನು ನೆಂಟರ ಎದುರು "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಎಂದದ್ದು, ನೀವು ಅಲ್ಲೇ ತಿದ್ದಿದ್ದು, ಎಲ್ಲರೂ ನಕ್ಕದ್ದು ನಿಮಗೆ ಮರೆತಿರಬಹುದು. ಅಂದಿನಿಂದ ನಿಮ್ಮೆದುರು ನಾನು ಇಂಗ್ಲಿಷಿಗೆ ಬಾಯಿ ತೆರೆದಿಲ್ಲ. ಈಗ ನಾನಾಗಿಯೇ ಬಂದು ಕೇಳುತ್ತಿದ್ದೇನೆ. ಸುಮ್ಮನೆ, ಕುತೂಹಲಕ್ಕೆ.

ಚಿಕ್ಕತ್ತೆಗೂ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಸೊಸೆ


ಮಾರ್ಚ್ 12

ಸೊಸೆಗೆ ಆಶೀರ್ವಾದಗಳು.

ಹಲ್ಲು ನೋಯದೆ ಯಾರೂ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿಲ್ಲ. ಕುತೂಹಲಕ್ಕೆ ವ್ಯಾಕರಣ ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಇರಲಿ, ಹೇಳಬೇಕು ಎನಿಸಿದಾಗ ಹೇಳು.

ಐ, ಯೂ, ವೀ, ದೇ: ಈ ನಾಲ್ಕಕ್ಕೆ ಹ್ಯಾವ್. ಹೀ, ಶೀ, ಇಟ್: ಈ ಮೂರಕ್ಕೆ ಹ್ಯಾಸ್. ಇಷ್ಟೇ. ಇಷ್ಟಕ್ಕೇ ನಾನು ಬೋರ್ಡಿನ ಎದುರು ಜೀವ ತೇಯ್ದದ್ದು. ನಮ್ಮಲ್ಲಿ "ನನಗೆ ಜ್ವರ ಇದೆ, ನನಗೆ ತಮ್ಮ ಇದ್ದಾನೆ, ನನ್ನ ಹತ್ತಿರ ಕೊಡೆ ಇದೆ" ಎನ್ನುತ್ತೇವೆ. ಜ್ವರ, ತಮ್ಮ, ಕೊಡೆ ತಮ್ಮ ಪಾಡಿಗೆ ಇರುತ್ತವೆ, ನಾವು ಪಕ್ಕದಲ್ಲಿರುತ್ತೇವೆ. ಅವರು ಹಾಗಲ್ಲ, ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಅದಕ್ಕೇ ನಮ್ಮವರಿಗೆ ಈ ಪದ ತಪ್ಪುತ್ತದೆ. ನಿನ್ನೊಬ್ಬಳಿಗೇ ಅಲ್ಲ.

ಈ ಪದ ಹಾಕಿ ಕೆಲವು ವಾಕ್ಯ ಬರೆದು ಕಳಿಸು. ನಿಜವಾದದ್ದನ್ನೇ ಬರೆ. "ರಾಜನಿಗೆ ಆನೆ ಇದೆ" ಎಂಬಂಥದ್ದು ಬೇಡ. ಸುಳ್ಳಿಗೆ ವ್ಯಾಕರಣ ಅಂಟುವುದಿಲ್ಲ.

ಚಿಕ್ಕತ್ತೆ ಕೇಳಿದಳೆಂದು ಹೇಳಲು ಹೇಳಿದಳು. ಕೆಳಗಿನ ಸೈಕಲ್ ಅಂಗಡಿಯವನು ಗೋಡೆಗೆ ಹಸಿರು ಬಣ್ಣ ಬಳಿಸಿದ್ದಾನೆ, ಮೆಟ್ಟಿಲೆಲ್ಲ ವಾಸನೆ.

ಅತ್ತೆ


ಮಾರ್ಚ್ 21

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಅದನ್ನು ಯೂನಿಫಾರ್ಮಿನ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದೆ. "ನಿನ್ನೊಬ್ಬಳಿಗೇ ಅಲ್ಲ" ಎಂದು ಬರೆದಿದ್ದೀರಲ್ಲ, ಅದನ್ನು ಬಸ್ಸಿನಲ್ಲಿ ಮತ್ತೆ ಓದಿಕೊಂಡೆ. ಬಹಳ ಉಪಕಾರವಾಯಿತು.

ವಾಕ್ಯಗಳು ಇವು:

ಐ ಹ್ಯಾವ್ ಎ ಬ್ಲೂ ಯೂನಿಫಾರ್ಮ್.
ಮೈ ಹಸ್ಬೆಂಡ್ ಹ್ಯಾವ್ ಎ ಬಿಗ್ ಬಸ್.
ಮೈ ಮದರ್-ಇನ್-ಲಾ ಹ್ಯಾವ್ ಗುಡ್ ಇಂಗ್ಲಿಷ್.
ದಿ ಹೆಡ್ ನರ್ಸ್ ಹ್ಯಾವ್ ಎ ಲೌಡ್ ವಾಯ್ಸ್.
ದಿ ಕಿಚನ್ ಕ್ಯಾಟ್ ಹ್ಯಾಸ್ ತ್ರೀ ಕಿಟನ್ಸ್.
ಐ ಹ್ಯಾವ್ ಒನ್ ವಾರ್ನಿಂಗ್.

ಎಲ್ಲವೂ ನಿಜ. ಬೇಗ ತಿದ್ದಿ ಕಳಿಸಿ.

ನಿಮ್ಮ ಸೊಸೆ


ಮಾರ್ಚ್ 29

ಸೊಸೆಗೆ,

ನನ್ನ ಮಗನಿಗೆ ಹ್ಯಾವ್, ನನಗೆ ಹ್ಯಾವ್, ನರ್ಸಿಗೆ ಹ್ಯಾವ್. ಬೆಕ್ಕಿಗೆ ಮಾತ್ರ ಹ್ಯಾಸ್. ಮೂವರು ಮನುಷ್ಯರೂ ಫೇಲು, ಬೆಕ್ಕು ಪಾಸು. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ನಿಯಮ ಬರೆದು ಕಳಿಸಿದರೂ ಹೀಗಾ ಎಂದು ಕೆಂಪು ಪೆನ್ನು ಹುಡುಕಿದೆ. ಆಮೇಲೆ ಇನ್ನೊಮ್ಮೆ ನೋಡಿದರೆ ನೀನು ಅಡ್ಡಾದಿಡ್ಡಿ ತಪ್ಪು ಮಾಡಿಲ್ಲ, ಒಂದು ಲೆಕ್ಕಾಚಾರ ಇಟ್ಟುಕೊಂಡೇ ತಪ್ಪು ಮಾಡಿದ್ದೀ. ನೀನು ಯಾರನ್ನು "ಅವರು" ಎನ್ನುತ್ತೀಯೋ ಅವರಿಗೆಲ್ಲ ಹ್ಯಾವ್ ಕೊಟ್ಟಿದ್ದೀ. "ಅದು" ಎನ್ನುವ ಬೆಕ್ಕಿಗೆ ಹ್ಯಾಸ್. ಹೌದೋ ಅಲ್ಲವೋ?

"ಅವರು ಅಂದರೆ ದೇ" ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ, ನಾನೂ ಮಾಡಿಸಿದ್ದೇನೆ. ಅದು ಅರ್ಧ ಸತ್ಯ. ನಮ್ಮ "ಅವರು" ಹಲವರೂ ಆಗಬಹುದು, ಒಬ್ಬ ದೊಡ್ಡವರೂ ಆಗಬಹುದು. ಇಂಗ್ಲಿಷಿನ ದೇ ಹಲವರು ಮಾತ್ರ. ನಾನು ಎಷ್ಟೇ ದೊಡ್ಡವಳಾದರೂ ಆ ಭಾಷೆಯಲ್ಲಿ ಒಬ್ಬಳೇ. ಶೀ ಹ್ಯಾಸ್.

ಕೊನೆಯ ವಾಕ್ಯದಲ್ಲಿ ವ್ಯಾಕರಣ ಸರಿ ಇದೆ, ಉಳಿದದ್ದು ಸರಿ ಇಲ್ಲ. ವಾರ್ನಿಂಗ್ ಎಂದರೇನು? ನಿನಗೆ ವಾರ್ನಿಂಗ್ ಕೊಟ್ಟದ್ದು ನನ್ನ ಮಗನಾ? ಅವನಿಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹಾಗೇನಾದರೂ ಇದ್ದರೆ ಮುಚ್ಚಿಡದೆ ಬರೆ. ಹೆತ್ತವಳೆಂದು ಅವನ ಪಕ್ಷ ವಹಿಸುತ್ತೇನೆ ಎಂದುಕೊಂಡಿದ್ದರೆ ತಪ್ಪು. ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ಇವುಗಳ ಖಾಲಿ ಜಾಗ ತುಂಬಿ ಕಳಿಸು:

ದಿ ಓಲ್ಡ್ ಟೀಚರ್ ____ ಓನ್ಲಿ ಒನ್ ಗುಡ್ ಇಯರ್.
ದಿ ಚಿಲ್ಡ್ರನ್ ____ ಎ ನ್ಯೂ ಟ್ಯೂಷನ್ ಮಿಸ್.
ಶೀ ____ ಎ ಲಾಟ್ ಆಫ್ ಟೈಮ್ ನೌ.

ಅತ್ತೆ


ಏಪ್ರಿಲ್ 7

ಅತ್ತೆಯವರಿಗೆ ನಮಸ್ಕಾರಗಳು.

ಅಯ್ಯೋ, ನಿಮ್ಮ ಮಗ ಪಾಪದವರು! ಅವರ ಕೋಪವೆಲ್ಲ ಸಿಗ್ನಲ್ಲಿನ ಮೇಲೆ. ಕಾಗದ ಓದಿ ಹೇಳಿದರೆ ಕಿವಿ ಮುಚ್ಚಿಕೊಂಡು ನಕ್ಕರು. ಆದರೆ ನೀವು ನನ್ನ ಪಕ್ಷಕ್ಕೆ ನಿಂತಿರಲ್ಲ ಎಂದು ನನಗೆ ನಗುವಿನ ನಡುವೆಯೇ ಕಣ್ಣು ತುಂಬಿತು. ಇನ್ನು ಮುಚ್ಚಿಟ್ಟರೆ ನನಗೇ ತಡೆಯುವುದಿಲ್ಲ. ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುವ ವೃದ್ಧರ ಮನೆಯ ಎರಡನೇ ಮಹಡಿಯಲ್ಲಿ, ಮೂಲೆಯ ಕೋಣೆಯಲ್ಲಿ ಇಬ್ಬರು ಅಜ್ಜಿಯರಿದ್ದಾರೆ. ಕಿಟಕಿಯ ಪಕ್ಕದ ಹಾಸಿಗೆ ಕನ್ನಡಕದಜ್ಜಿಯದು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಎಲ್ಲಿ ಎಂದು ಕೇಳುತ್ತಾರೆ. ಬಾಗಿಲ ಪಕ್ಕದ್ದು ಹಾಡಿನಜ್ಜಿಯದು. ಸ್ನಾನ ಮಾಡಿಸುವಾಗ ಹಾಡದಿದ್ದರೆ ಅವರಿಗೆ ಹುಷಾರಿಲ್ಲ ಎಂದರ್ಥ. ತಲೆ ಬಾಚುವುದು, ಊಟ ಮಾಡಿಸುವುದು, ನಡೆಸುವುದು ಎಲ್ಲ ನನ್ನ ಕೆಲಸ. ಪಾಳಿ ಮುಗಿದ ಮೇಲೆ ಏನೇನಾಯಿತು ಎಂದು ವರದಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಮುಂದಿನ ಪಾಳಿಯವರು ಅದನ್ನು ಓದಿಕೊಂಡೇ ನಡೆಯುವುದು.

ಫೆಬ್ರವರಿಯಲ್ಲಿ ಒಂದು ದಿನ ಕನ್ನಡಕದಜ್ಜಿ ಮಾತ್ರೆ ನುಂಗಿದರು. ಹಾಡಿನಜ್ಜಿ ನಿದ್ದೆಯಲ್ಲಿದ್ದರು, ಎದ್ದ ಮೇಲೆ ಕೊಡಬೇಕಿತ್ತು. ನಾನು "ದೇ ಹ್ಯಾವ್ ಟೇಕನ್ ಟ್ಯಾಬ್ಲೆಟ್" ಎಂದು ಬರೆದು ಮನೆಗೆ ಬಂದೆ. ಎಂಬತ್ತು ದಾಟಿದವರನ್ನು ಶೀ ಎಂದು ಬರೆಯಲು ನನಗೆ ಕೈ ಬರಲಿಲ್ಲ ಅತ್ತೆ. ಮೊಮ್ಮಗಳನ್ನು ಕರೆದ ಹಾಗೆ "ಅವಳು" ಎಂದಂತೆ ಅನಿಸಿತು. ಸಂಜೆಯ ನರ್ಸ್ ಓದಿದಳು, ಇಬ್ಬರೂ ತೆಗೆದುಕೊಂಡಿದ್ದಾರೆ ಎಂದುಕೊಂಡಳು. ಹಾಡಿನಜ್ಜಿಗೆ ರಕ್ತದೊತ್ತಡದ ಮಾತ್ರೆ ತಪ್ಪಿತು. ಮರುದಿನ ಬೆಳಿಗ್ಗೆ ತಲೆ ಸುತ್ತಿ ಬಚ್ಚಲಿನಲ್ಲಿ ಕುಸಿದು ಕೂತರು. ದೇವರು ದೊಡ್ಡವನು, ಪೆಟ್ಟಾಗಲಿಲ್ಲ.

ದೊಡ್ಡ ನರ್ಸ್ ನನ್ನನ್ನು ಕರೆದು, "ಒಬ್ಬರಾ ಇಬ್ಬರಾ ಅಂತ ಬರೆಯೋಕೆ ಬರದಿದ್ರೆ ಜನರ ಹತ್ರ ನಿನ್ನನ್ನ ಬಿಡೋದು ಹೇಗೆ?" ಎಂದರು. ತಪ್ಪಿಲ್ಲ ಅವರದು. ಮೇ ತಿಂಗಳಲ್ಲಿ ಬರವಣಿಗೆಯ ಪರೀಕ್ಷೆ ಇಡುತ್ತಾರೆ. ಪಾಸಾದರೆ ಇದೇ ಕೋಣೆ. ಇಲ್ಲವಾದರೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಜೊತೆ. ಸಂಬಳ ಅಷ್ಟೇ, ಅದಕ್ಕೆ ಯೋಚನೆಯಿಲ್ಲ. ಆದರೆ ಆ ಯಂತ್ರಗಳಲ್ಲಿ ಯಾವುದೂ ಹಾಡುವುದಿಲ್ಲ. ನನಗೆ ಈ ಇಬ್ಬರು ಅಜ್ಜಿಯರು ಬೇಕು ಅತ್ತೆ.

ಖಾಲಿ ಜಾಗ ತುಂಬಿದ್ದೇನೆ: ಹ್ಯಾಸ್, ಹ್ಯಾವ್, ಹ್ಯಾಸ್. ಸರಿಯಾ?

ನಿಮ್ಮ ಸೊಸೆ


ಏಪ್ರಿಲ್ 15

ಸೊಸೆಗೆ,

ಮೂರೂ ಸರಿ.

ನಿನ್ನ ಕಾಗದವನ್ನು ಚಿಕ್ಕತ್ತೆಗೂ ಓದಿ ಹೇಳಿದೆ. "ಇಷ್ಟು ಮರ್ಯಾದೆ ಇಟ್ಟುಕೊಂಡರೂ ಕಷ್ಟವೇ!" ಎಂದಳು. ನಾನು ನಗಲಿಲ್ಲ. ಗೌರವ ಹೆಚ್ಚಾಗಿ ತಪ್ಪು ಮಾಡಿದ ವಿದ್ಯಾರ್ಥಿನಿ ನನಗೆ ಸಿಕ್ಕಿದ್ದು ಇದೇ ಮೊದಲು.

ಈಗ ಕೇಳು. ಆ ಭಾಷೆಯಲ್ಲಿ ಗೌರವ ಕ್ರಿಯಾಪದದಲ್ಲಿ ಇರುವುದಿಲ್ಲ. ರಾಣಿಗೂ ಶೀ ಹ್ಯಾಸ್, ರಾಣಿಯ ಮನೆ ಗುಡಿಸುವವಳಿಗೂ ಶೀ ಹ್ಯಾಸ್. ನೀನು ಶೀ ಎಂದು ಬರೆದರೆ ಅಜ್ಜಿಗೆ ಅವಮಾನವಾಗುವುದಿಲ್ಲ. ಗೌರವ ತೋರಿಸಬೇಕು ಎನಿಸಿದರೆ ಸೂಪು ಬಿಸಿಯಿರುವಾಗಲೇ ಕುಡಿಸು, ಬಾಚಣಿಗೆ ಮೆಲ್ಲಗೆ ಆಡಿಸು. ಕಾಗದದಲ್ಲಿ ಒಬ್ಬರು ಒಬ್ಬರಾಗಿಯೇ ಇರಲಿ.

ಇಬ್ಬರು ಅಜ್ಜಿಯರಿರುವ ಕಡೆ ಬರೀ ಶೀ ಎಂದರೂ ಅಪಾಯವೇ. ಮೊದಲು ಯಾರೆಂದು ಹೇಳು: ಕಿಟಕಿಯ ಹಾಸಿಗೆ, ಬಾಗಿಲ ಹಾಸಿಗೆ. ಆಮೇಲೆ ಶೀ. ಇನ್ನೊಂದು ಹೊಂಡ ಇದೆ, ಎಲ್ಲರೂ ಅಲ್ಲೇ ಬೀಳುವುದು. "ಶೀ ಡಸ್ ನಾಟ್ ಹ್ಯಾಸ್" ಎನ್ನಬಾರದು. ಡಸ್ ಎಂಬಲ್ಲಿ ಆ ಎಸ್ ಆಗಲೇ ಬಂದು ಕೂತಿದೆ. ಒಂದು ವಾಕ್ಯಕ್ಕೆ ಒಂದು ಎಸ್ ಸಾಕು. ಶೀ ಡಸ್ ನಾಟ್ ಹ್ಯಾವ್.

ನಿನ್ನನ್ನು ಆ ಕೋಣೆಯಿಂದ ಕೆಳಗಿಳಿಸಲು ನಾನು ಬಿಡುವುದಿಲ್ಲ. ದಿನಾ ಒಂದು ವರದಿ ಬರೆ. ವಾರಕ್ಕೊಮ್ಮೆ ಒಟ್ಟಿಗೆ ಕಳಿಸು.

ಅತ್ತೆ


ಏಪ್ರಿಲ್ 24

ಅತ್ತೆಯವರಿಗೆ ನಮಸ್ಕಾರಗಳು.

ವರದಿಗಳು ಜೊತೆಯಲ್ಲಿವೆ. ನಾನೇ ಒಂದು ಸೂತ್ರ ಮಾಡಿಕೊಂಡಿದ್ದೇನೆ, ನಗಬೇಡಿ. ಮುಖ ನೋಡಿ ಮಾತಾಡಿದರೆ ಯೂ, ಅದಕ್ಕೆ ಹ್ಯಾವ್. ಒಬ್ಬರ ಬಗ್ಗೆ ಹಿಂದಿನಿಂದ ಆಡಿಕೊಂಡರೆ ಹೀ, ಶೀ, ಅದಕ್ಕೆ ಹ್ಯಾಸ್. ಆಡಿಕೊಳ್ಳುವಾಗ ಬಾಯಲ್ಲಿ ಬರುವ ಪಿಸುಪಿಸು ಸದ್ದೇ ಆ ಎಸ್. ಐ ಎನ್ನುವುದು ಮಾತ್ರ ಮಹಾ ಜಂಭದ್ದು. ಒಬ್ಬಳೇ ಇದ್ದರೂ ತನಗೆ ತಾನೇ ಬಹುವಚನದ ಹ್ಯಾವ್ ಹಾಕಿಕೊಳ್ಳುತ್ತದೆ. ಕನ್ನಡ ಬಾರದ ಹಾಡಿನಜ್ಜಿಗೆ ಕೈಸನ್ನೆಯಲ್ಲಿ ಇದನ್ನೆಲ್ಲ ವಿವರಿಸಿದೆ. ಏನು ಅರ್ಥವಾಯಿತೋ, ಚಪ್ಪಾಳೆ ತಟ್ಟಿದರು.

ಇನ್ನು ಇನ್ನೊಂದು ವಿಷಯ. ನೀವು ಕೊಟ್ಟ ಆ ಮೂರು ವಾಕ್ಯಗಳನ್ನು ಅಭ್ಯಾಸಕ್ಕೆಂದು ಕನ್ನಡಕ್ಕೆ ಮಾಡಲು ಕೂತೆ. "ಮುದುಕಿ ಟೀಚರಿಗೆ ಒಂದೇ ಒಂದು ಒಳ್ಳೆಯ ಕಿವಿ ಇದೆ. ಮಕ್ಕಳಿಗೆ ಹೊಸ ಟ್ಯೂಷನ್ ಮಿಸ್ ಇದ್ದಾರೆ." ಮೂರನೆಯದಕ್ಕೆ ಬಂದಾಗ "ಅವಳಿಗೆ ಈಗ ಬೇಕಾದಷ್ಟು ಹೊತ್ತಿದೆ" ಎಂದು ಬರೆಯಬೇಕು. ಕೈ ತಾನಾಗಿಯೇ "ಅವರಿಗೆ" ಎಂದು ಬರೆಯಿತು. ಯಾಕೆ ಹಾಗೆ ಬರೆದೆ ಎಂದು ನೋಡುತ್ತಾ ಕೂತವಳಿಗೆ ಥಟ್ಟನೆ ಹೊಳೆಯಿತು. ಇದು ನಿಮ್ಮ ಕಥೆ.

ಹ್ಯಾಸ್, ಹ್ಯಾವ್, ಹ್ಯಾಸ್ ಎಂದು ಹಿಗ್ಗಿನಿಂದ ತುಂಬಿ ಕಳಿಸಿದೆನಲ್ಲ ನಾನು! ನೀವೂ "ಮೂರೂ ಸರಿ" ಎಂದು ಬರೆದು ಸುಮ್ಮನಾದಿರಲ್ಲ! ನಿಮಗೆ ಒಂದು ಕಿವಿ ಪೂರ್ತಿ ಹೋಗಿದೆಯಾ? ನಿಮ್ಮಲ್ಲಿಗೆ ಬರುತ್ತಿದ್ದ ಟ್ಯೂಷನ್ ಮಕ್ಕಳು ಈಗ ಬರುತ್ತಿಲ್ಲವಾ? ನಾನು ಫೋನಿನ ಮಾತು ತಮಾಷೆ ಮಾಡಿ ಬರೆದದ್ದು ನೆನೆದರೆ ನಾಚಿಕೆಯಾಗುತ್ತದೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ನೀವು ಹೇಳು ಎಂದರೆ ಹೇಳುತ್ತೇನೆ. ಡಾಕ್ಟರಿಗೆ ತೋರಿಸುವವರೆಗೆ ನಾನು ಮುಂದಿನ ವರದಿ ಕಳಿಸುವುದಿಲ್ಲ, ನೋಡಿ.

ನಿಮ್ಮ ಸೊಸೆ


ಮೇ 2

ಸೊಸೆಗೆ,

ಟೀಚರಿಗೇ ಷರತ್ತು ಹಾಕುವ ವಿದ್ಯಾರ್ಥಿನಿ! ನಿನ್ನ ಕಾಗದ ಓದಿ ಮೊದಲು ಗದರಬೇಕು ಎಂದುಕೊಂಡೆ. ಆಮೇಲೆ ಚಿಕ್ಕತ್ತೆಯ ಜೊತೆ ಆಟೋ ಹತ್ತಿ ಕಿವಿ ಡಾಕ್ಟರ ಹತ್ತಿರ ಹೋದೆ.

ಎಡಗಿವಿ ಹೋಗಿ ವರ್ಷವಾಯಿತು. ಬಲಗಿವಿಗೆ ಯಂತ್ರ ಹಾಕಿದರೆ ನಡೆಯುತ್ತದಂತೆ, ಅಳತೆ ತೆಗೆದುಕೊಂಡಿದ್ದಾರೆ. ಮಗನಿಗೆ ಹೇಳು, ಪರವಾಗಿಲ್ಲ. ಟ್ಯೂಷನ್ನಿನದು ಹೀಗಾಯಿತು. ಒಂದು ಹುಡುಗಿ "ಶೀ ಹ್ಯಾಸ್" ಎಂದು ಸರಿಯಾಗಿ ಹೇಳಿದಳು. ನನಗೆ ಹ್ಯಾವ್ ಎಂದು ಕೇಳಿಸಿತು. ತಪ್ಪು ಎಂದೆ. ಮತ್ತೆ ಹೇಳಿದಳು, ಮತ್ತೆ ತಪ್ಪು ಎಂದೆ. ಮಗು ಅಳುತ್ತಾ ಹೋಯಿತು. ಮರುವಾರದಿಂದ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಆ ತಾಯಂದಿರನ್ನು ನಾನು ದೂರುವುದಿಲ್ಲ. ಕಿವಿ ಕೇಳದವಳು ಉಚ್ಚಾರ ತಿದ್ದುವುದು ಹೇಗೆ? ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಇನ್ನು ನನ್ನಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ ಎನಿಸಿತ್ತು.

ಆಗ ನಿನ್ನ ಮೊದಲ ಕಾಗದ ಬಂತು. ಕಾಗದ ಓದಲು ಕಿವಿ ಬೇಡ. ನಿನ್ನ ಹ್ಯಾವ್, ನಿನ್ನ ಹ್ಯಾಸ್, ಒಂದೊಂದೂ ನನಗೆ ಸ್ಪಷ್ಟವಾಗಿ ಕಂಡಿತು. ಎಷ್ಟು ಸಂತೋಷವಾಯಿತು ಎಂದು ಆಗ ಬರೆಯಲಿಲ್ಲ. ಬಿಗುಮಾನ ಅಡ್ಡ ಬಂತು. ಈಗ ಬರೆಯುತ್ತಿದ್ದೇನೆ. ನೀನು ನನಗೆ ಉಪಕಾರ ಮಾಡಿದ್ದೀ.

ವರದಿಗಳಲ್ಲಿ ಎರಡೇ ತಪ್ಪು. ಎರಡೂ ಡಸ್ ನಾಟ್ ಹೊಂಡದಲ್ಲಿ. ಪರೀಕ್ಷೆಯ ದಿನ ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯಕ್ಕೂ ಕೇಳಿಕೋ: ಎಷ್ಟು ಜನ? ಅದೊಂದೇ ಪ್ರಶ್ನೆ. ಎಷ್ಟು ದೊಡ್ಡವರು ಎಂದು ಕೇಳಿಕೊಳ್ಳಬೇಡ.

ಧೈರ್ಯವಾಗಿ ಬರೆ.

ಅತ್ತೆ


ಮೇ 14

ಅತ್ತೆ,

ಪಾಸಾದೆ!

ನಮಸ್ಕಾರ ಬರೆಯುವುದನ್ನೂ ಮರೆತೆ, ಕ್ಷಮಿಸಿ. ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಪರೀಕ್ಷೆಗೆ ಬೇರೆ ಪ್ರಶ್ನೆಪತ್ರಿಕೆ ಇರಲಿಲ್ಲ. ದೊಡ್ಡ ನರ್ಸ್ ನನ್ನ ಕೋಣೆಗೇ ಬಂದು, "ಇವತ್ತು ಬೆಳಗ್ಗೆಯಿಂದ ಇಲ್ಲಿ ಏನೇನಾಯ್ತು, ಬರಿ" ಎಂದು ಕಾಗದ ಕೊಟ್ಟರು. ಅವತ್ತೇ ಕನ್ನಡಕದಜ್ಜಿಗೆ ಜ್ವರ. ಹಾಡಿನಜ್ಜಿ ಗೆಳತಿ ಉಣ್ಣುತ್ತಿಲ್ಲವೆಂದು ತಾವೂ ಬ್ರೆಡ್ಡು ಮುಟ್ಟಿರಲಿಲ್ಲ. ಆಮೇಲೆ ನಾನು ಇಬ್ಬರಿಗೂ ಪುಸಲಾಯಿಸಿ ಸೂಪು ಕುಡಿಸಿದ್ದೆ.

ಬರೆದೆ. ಕಿಟಕಿಯ ಹಾಸಿಗೆ: ಶೀ ಹ್ಯಾಸ್ ಎ ಫೀವರ್. ಶೀ ಡಸ್ ನಾಟ್ ಹ್ಯಾವ್ ಪೇನ್. ಶೀ ಹ್ಯಾಸ್ ಟೇಕನ್ ಹರ್ ಟ್ಯಾಬ್ಲೆಟ್. ಬಾಗಿಲ ಹಾಸಿಗೆ: ಶೀ ಹ್ಯಾಸ್ ನಾಟ್ ಟೇಕನ್ ಹರ್ ಟ್ಯಾಬ್ಲೆಟ್ ಯೆಟ್. ಕೊನೆಗೆ: ದೇ ಹ್ಯಾವ್ ಹ್ಯಾಡ್ ಸೂಪ್. ಈ ಕೊನೆಯದನ್ನು ಬರೆದು ಎಷ್ಟು ಜನ ಎಂದು ಕೇಳಿಕೊಂಡೆ. ಇಬ್ಬರು! ಮನಸ್ಸಾರೆ ದೇ ಎಂದು ಬರೆಯುವ ಅವಕಾಶ ಸಿಕ್ಕಿತಲ್ಲ ಎಂದು ಕುಣಿಯುವಂತಾಯಿತು. ಹ್ಯಾವ್ ಪಕ್ಕದಲ್ಲೇ ಹ್ಯಾಡ್ ಬಂದದ್ದು ಸರಿಯೋ ತಪ್ಪೋ ಎಂದು ಮಾತ್ರ ತಿಳಿಯಲಿಲ್ಲ.

ದೊಡ್ಡ ನರ್ಸ್ ಓದಿ ಹೊರಗೆ ಹೋದರು. ಕೆಳಗಿನ ಮಹಡಿಯಿಂದ ಒಬ್ಬ ನರ್ಸನ್ನು ಕರೆತಂದರು. ಆಕೆ ಈ ಕೋಣೆಗೆ ಬಂದವರೇ ಅಲ್ಲ. ನನ್ನ ಕಾಗದ ಅವರ ಕೈಗೆ ಕೊಟ್ಟು, "ಇದನ್ನ ಓದಿ ಈಗ ಯಾರಿಗೆ ಮಾತ್ರೆ ಕೊಡ್ಬೇಕೋ ಕೊಡಿ" ಎಂದರು. ನಾನು ಬಾಯಿ ಬಿಡುವ ಹಾಗಿಲ್ಲ. ಆಕೆ ಓದಿದರು. ನೇರವಾಗಿ ಹಾಡಿನಜ್ಜಿಯ ಹತ್ತಿರ ಹೋಗಿ, ನೀರಿನ ಲೋಟ ಹಿಡಿದು, ಮಾತ್ರೆ ಕೊಟ್ಟರು. ಅತ್ತೆ, ನಾನು ಗೋಡೆಗೆ ಒರಗಿ ನಿಂತು ಅತ್ತುಬಿಟ್ಟೆ. ನಾನು ಒಂದು ಮಾತೂ ಆಡದೆ ನನ್ನ ಬರಹವೇ ಅಜ್ಜಿಗೆ ಮಾತ್ರೆ ನುಂಗಿಸಿತು.

ದೊಡ್ಡ ನರ್ಸ್ ನನ್ನ ಭುಜ ತಟ್ಟಿ "ಯಾರು ಹೇಳ್ಕೊಟ್ರು?" ಎಂದರು. ನಮ್ಮ ಅತ್ತೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಅತ್ತೇನಾ?" ಎಂದು ಮತ್ತೆ ಕೇಳಿದರು. ಅವರ ಅತ್ತೆ ಹೇಗಿದ್ದಾರೋ ಪಾಪ.

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಅಂದು ನೆಂಟರ ಎದುರು ತಿದ್ದಿದಾಗ ನನಗೆ ನೋವಾಗಿತ್ತು. ಇಂದು ನೀವು ತಿದ್ದದೆ ಹೋಗಿದ್ದರೆ ನಾನು ನೆಲಮಾಳಿಗೆಯಲ್ಲಿ ಇರುತ್ತಿದ್ದೆ. ನಿಮ್ಮ ಮಗ ಮುಂದಿನ ತಿಂಗಳು ರಜೆ ಹಾಕಿ ನನ್ನನ್ನೂ ಕರೆದುಕೊಂಡು ಬರುತ್ತಾರೆ. ನಿಮ್ಮ ಎದುರು ಕೂತು ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡುತ್ತೇನೆ. ತಿದ್ದಿ, ಚಿಕ್ಕತ್ತೆ ಬೇಕಾದರೆ ನಗಲಿ.

ನಿಮ್ಮ ಸೊಸೆ


ಮೇ 23

ಸೊಸೆಗೆ ಆಶೀರ್ವಾದಗಳು.

ಹ್ಯಾವ್ ಹ್ಯಾಡ್ ಸರಿಯಾಗಿಯೇ ಇದೆ. ನಾನು ಕಲಿಸದಿದ್ದದ್ದನ್ನೂ ಬರೆದಿದ್ದೀ.

ಕಿವಿ ಯಂತ್ರ ಬಂದಿದೆ. ಮೊದಲ ದಿನ ಹಾಕಿಕೊಂಡಾಗ ಪಾತ್ರೆಯ ಸದ್ದಿಗೆ ಹೆದರಿದೆ. ಚಿಕ್ಕತ್ತೆ ಇಷ್ಟು ವರ್ಷ ಇಷ್ಟು ಜೋರಾಗಿ ಗೊಣಗುತ್ತಿದ್ದಳು ಎಂದು ಈಗ ಗೊತ್ತಾಯಿತು. ಅಳಿಸಿ ಕಳಿಸಿದ ಆ ಹುಡುಗಿಯ ಮನೆಗೆ ಹೋಗಿ ಬಂದೆ. "ನೀನು ಹೇಳಿದ್ದೇ ಸರಿಯಾಗಿತ್ತು ಮರಿ" ಎಂದೆ. ನಾಳೆಯಿಂದ ಬರುತ್ತಾಳೆ.

ನಿನ್ನ ಕಾಗದವನ್ನು ಅಂಚೆಯವನು ಕೆಳಗೆ ಸೈಕಲ್ ಅಂಗಡಿಯಲ್ಲೇ ಕೊಟ್ಟು ಹೋಗಿದ್ದ. ಮೇಲೆ ಹತ್ತುವವರೆಗೆ ತಾಳ್ಮೆ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಒಡೆದೆ. ಓದುತ್ತಾ ನಾನೇನು ಮಾಡಿದೆನೋ ಗೊತ್ತಿಲ್ಲ, ಅಂಗಡಿಯವನು ಟ್ಯೂಬಿಗೆ ಪ್ಯಾಚ್ ಹಾಕುವುದನ್ನು ಬಿಟ್ಟು ಎದ್ದುಬಂದ.

"ಏನಾಯ್ತು ಟೀಚರ್? ಯಾರ್ದು ಕಾಗ್ದ?"

"ನಮ್ಮ ಸೊಸೆಯವರದು," ಎಂದೆ. "ಅವರು ಪರೀಕ್ಷೆ ಪಾಸು ಮಾಡಿದ್ದಾರೆ."

ಮೆಟ್ಟಿಲ ಮೇಲೆ ನಿಂತಿದ್ದ ಚಿಕ್ಕತ್ತೆಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. "ಏನಕ್ಕಾ, ಸೊಸೆಗೆ ಯಾವಾಗಿಂದ ಬಹುವಚನ? ಪಾಸಾದೋರು ಎಷ್ಟು ಜನ, ಒಬ್ಬಳಾ ಇಬ್ಬರಾ?" ಎಂದಳು.

ಯಂತ್ರ ಹಾಕಿಕೊಂಡಿದ್ದೆ, ಪ್ರತಿ ಅಕ್ಷರವೂ ಕೇಳಿಸಿತು.

"ಒಬ್ಬರೇ," ಎಂದೆ.

ಅತ್ತೆ